ಯಾರ ಕಿಟಕಿಯಲ್ಲಿ ಕತ್ತಲೆ?

ಹಗಲಿನ ಚಿತ್ರ ಮಾಡುವುದೇನು ಮಹಾ, ಒಂದು ಸೂರ್ಯ ಸಾಕು. ಇರುಳಿನ ಚಿತ್ರಕ್ಕಾದರೆ ಪ್ರತಿ ಕಿಟಕಿಯ ಹಿಂದೆಯೂ ಒಂದೊಂದು ದೀಪ ಇಡಬೇಕು, ಬೀದಿಗೆ ಬೇರೆ, ಗೇಟಿಗೆ ಬೇರೆ. ಇಟ್ಟಾದ ಮೇಲೆ ಅರ್ಧದಷ್ಟನ್ನು ಆರಿಸುವ ಧೈರ್ಯವೂ ಬೇಕು. ಮುಂಬಯಿಯ ಪರೇಲಿನ ಆಫೀಸಿನಲ್ಲಿ, ಇನ್ನೂ ಕಟ್ಟದ ಕಟ್ಟಡಗಳ ಕಂಪ್ಯೂಟರ್ ಚಿತ್ರ ಮಾಡುವ ಯಕ್ಷಿತಾ ಇಷ್ಟು ಕಾಲ ಬೇರೆಯವರು ಮಾಡಿದ ಹಗಲಿನ ಚಿತ್ರಗಳಿಗೆ ಮರ ನೆಟ್ಟುಕೊಂಡಿದ್ದವಳು. ಕಡೆಗೂ ಸಿಕ್ಕ ಮೊದಲ ರಾತ್ರಿ ಅವಳದೇ ಬಿಲ್ಡಿಂಗಿನದು. ವಿಲೆ ಪಾರ್ಲೆಯ ಆ ಹಳೆಯ ಕಟ್ಟಡವನ್ನು ಕೆಡವಿ ಕಟ್ಟಲಿರುವ ಹೊಸದು ರಾತ್ರಿ ಹೇಗೆ ಕಾಣುತ್ತದೆಂದು ತೋರಿಸಿ, ಅಲ್ಲಿನ ಮನೆಯವರ ಹೌಸಿಂಗ್ ಸೊಸೈಟಿಯಿಂದ ಹೂಂ ಅನ್ನಿಸಿಕೊಂಡು ಬರಬೇಕು.

"ವೋ ಲೋಗ್ ನಾ ಬೋಲೇ, ತೋ ವಾಪಸ್ ಪೇಡ್ ಲಗಾನಾ," ಅವರು ಬೇಡವೆಂದರೆ ಮತ್ತೆ ಮರ ನೆಡುವ ಕೆಲಸಕ್ಕೇ, ಎಂದು ಅವಳ ಮೇಲಧಿಕಾರಿ ಹಿತೇಶ್ ನಗುತ್ತಲೇ ಹೇಳಿ ಕಳಿಸಿದ್ದ. ನಗುತ್ತ ಹೇಳಿದ ಮಾತೇ ಹೆಚ್ಚು ಚುಚ್ಚುವುದು.

ಭಾನುವಾರ ಬೆಳಿಗ್ಗೆ ಸೊಸೈಟಿ ಆಫೀಸಿನಲ್ಲಿ ಸೇರಿದ್ದ ಮನೆಯವರ ಮುಂದೆ ಕಿಟಕಿಯ ಪರದೆ ಎಳೆದು, ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಸಿಕ್ಕಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟಳು. ನೀಲಿ ಮುಸ್ಸಂಜೆ, ಒದ್ದೆ ರಸ್ತೆ, ಅಲ್ಲೊಂದು ಇಲ್ಲೊಂದು ಹಳದಿ ಕಿಟಕಿ. ಅವಳಿಗೇ ಒಮ್ಮೆ ಮೈ ಜುಮ್ಮೆಂದಿತು.

ಸೊಸೈಟಿಯ ಸೆಕ್ರೆಟರಿ ಹಿರಿಯಣ್ಣ, ಮೈಸೂರಿನ ಕಡೆಯವರು, ಕನ್ನಡಕ ಏರಿಸಿದರು. "ಚೆನ್ನಾಗಿದೆ ಕಣಮ್ಮ. ಐದನೇ ಮಹಡಿ ಎಡಗಡೆ ನಂದಲ್ವಾ? ಅಲ್ಲಿ ಕತ್ತಲೆ ಇದೆಯಲ್ಲ?"

"ಅದು ಕಾಂಟ್ರಾಸ್ಟ್‌ಗೆ, ಅಂಕಲ್. ಡಾರ್ಕ್ ಇಲ್ಲದೆ ಲೈಟ್ ಕಾಣೋದಿಲ್ಲ ನಾ."

"ಕಾಂಟ್ರಾಸ್ಟ್‌ಗೆ ನಾನೇ ಸಿಕ್ಕಿದ್ನಾ!"

ಅಷ್ಟು ಸಾಕಾಯಿತು. ಎಲ್ಲರೂ ಗೋಡೆಯ ಹತ್ತಿರ ಬಂದು ಬೆರಳಿಟ್ಟು ತಮ್ಮ ತಮ್ಮ ಮನೆ ಹುಡುಕತೊಡಗಿದರು.

"ನಂದೂ ಕತ್ತಲೆ ಮಾರಾಯ್ತಿ!" ಹೋಟೆಲ್ ನಡೆಸುವ ಪೂವಪ್ಪನ ದನಿ ಸಪ್ಲೈಯರ್‌ಗಳನ್ನು ಕೂಗಿ ಕೂಗಿ ಬಲಿತದ್ದು. "ಗೃಹಪ್ರವೇಶಕ್ಕೆ ಮೊದಲೇ ನನ್ನನ್ನು ಊರಿಗೆ ಓಡಿಸಿದ್ಯಾ?"

"ನಮ್ಮದು ಎಲ್ಲಿ?" ಎಂದರು ಯಕ್ಷಿತಾಳ ಅಮ್ಮ ರಾಜೀವಿ. ಅದೂ ಕತ್ತಲೆಯೇ. ಪಕ್ಷಪಾತ ಎಂದಾರೆಂದು ಯಕ್ಷಿತಾ ಮೊದಲು ಆರಿಸಿದ್ದೇ ಅದನ್ನು. "ಮುಸ್ಸಂಜೆಗೆ ದೀಪ ಹಚ್ಚದ ಮನೆ ಅಂದ್ರೆ ಎಂತ ಅರ್ಥ ಗೊತ್ತುಂಟಾ ನಿಂಗೆ? ನಿನ್ನ ಕಂಪ್ಯೂಟರಿಗೆ ಲಕ್ಷ್ಮಿ ಬೇಡದಿರಬಹುದು, ನಮಗೆ ಬೇಕು."

ಯಕ್ಷಿತಾ ರೇಗಿ ಎಲ್ಲ ದೀಪಗಳನ್ನೂ ಹಚ್ಚಿಬಿಟ್ಟಳು. ನೀಲಿ ಸಂಜೆ ಎಲ್ಲಿ ಹೋಯಿತೋ.

"ಮದುವೆ ಹಾಲ್ ಆಯ್ತಲ್ಲ," ಎಂದ ಪೂವಪ್ಪ. "ಊಟ ಎಷ್ಟು ಗಂಟೆಗೆ?"

ಎಲ್ಲರೂ ನಕ್ಕರು, ತಮ್ಮ ದೀಪ ಆರಿಸಿ ಎಂದು ಮಾತ್ರ ಒಬ್ಬರೂ ಬಾಯಿಬಿಡಲಿಲ್ಲ. "ಬೇರೆ ಯಾರ ಹತ್ರಾನಾದ್ರೂ ಮಾಡಿಸಿ ಅಂತ ಬಿಲ್ಡರ್‌ಗೆ ಹೇಳೋಣ, ಬೇಜಾರು ಮಾಡ್ಕೋಬೇಡಮ್ಮ," ಎಂದರು ಹಿರಿಯಣ್ಣ. ಯಕ್ಷಿತಾಳ ಕಣ್ಣ ಮುಂದೆ ಮರಗಳ ಸಾಲು ಹಾದುಹೋಯಿತು. ಆದರೆ ಅಮ್ಮನ ಮಾತು ಕಿವಿಯಲ್ಲೇ ಇತ್ತು. ಜಗಳ ಕತ್ತಲೆಯ ಜೊತೆಗಲ್ಲ, ಹೊತ್ತಿನ ಜೊತೆಗೆ.

"ಅಮ್ಮಾ, ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿದ್ರೆ?"

"ಆಗ ಮನುಷ್ಯರು ಮಲಗ್ತಾರೆ. ಅದಕ್ಕೆಂತ ದೋಷ?"

ಯಕ್ಷಿತಾ ಆಕಾಶದ ನೀಲಿಯನ್ನು ತೆಗೆದಳು. ಮುಂಬಯಿಯ ರಾತ್ರಿ ಕಪ್ಪಲ್ಲ, ಬೆಳಗದೆ ಬಿಟ್ಟ ತಾಮ್ರದ ಚೆಂಬಿನ ಬಣ್ಣ. ಅದನ್ನೇ ಮೇಲೆ ಹರಡಿದಳು. "ಈಗ ಹೇಳಿ, ಯಾರ್ಯಾರು ಮಲಗಿದ್ದೀರಿ?"

ಇಷ್ಟು ಹೊತ್ತು ಬೆಳಕಿಗೆ ಜಗಳವಾಡಿದವರು ಈಗ ನಿದ್ದೆಗೆ ಪೈಪೋಟಿಗಿಳಿದರು.

"ನಾನು ಹತ್ತಕ್ಕೆಲ್ಲ ಶಿಸ್ತಾಗಿ ಮಲಗೋನು," ಎಂದರು ಹಿರಿಯಣ್ಣ.

"ಟಿ.ವಿ. ಮುಂದೆ ಬಾಯಿ ಬಿಟ್ಟು ಗೊರಕೆ ಹೊಡೆಯುವುದಕ್ಕೆ ಶಿಸ್ತು ಅಂತಾರಾ? ನಮ್ಮ ಮನೆಗೆ ಕೇಳ್ತದೆ," ಎಂದ ಪೂವಪ್ಪ. "ಅಲ್ಲಿ ಟಿ.ವಿ. ಬೆಳಕು ಹಾಕು ಮಗಾ. ನನ್ನದು ಹಚ್ಚು. ಊರಿಗೆಲ್ಲ ಬಡಿಸಿ ಬಂದು ನಾನು ಉಣ್ಣುವ ಹೊತ್ತು ಅದು."

ಐದನೇ ಮಹಡಿಯಲ್ಲಿ ತೆಳು ನೀಲಿ ಮೂಡಿತು. ಚಿತ್ರಕ್ಕೆ ಬೇಕಾಗಿದ್ದ ಬಣ್ಣ ಅದೇ ಎಂದು ಯಕ್ಷಿತಾಳಿಗೆ ಈಗ ಹೊಳೆಯಿತು.

"ನಮ್ಮದು ಆರಿಸು," ಎಂದರು ರಾಜೀವಿ. "ನಾನು ಬೇಗ ಮಲಗುವವಳು."

"ರಾಜೀವಕ್ಕ, ಸುಳ್ಳು ಹೇಳ್ಬೇಡಿ. ನಾನು ಹೋಟೆಲ್ ಮುಚ್ಚಿ ಬರುವಾಗ ನಿಮ್ಮ ಅಡುಗೆಮನೆ ಲೈಟು ಉರೀತಾ ಇರ್ತದೆ. ಇವಳು ಗೇಟಿನೊಳಗೆ ಕಾಲಿಟ್ಟ ಮೇಲೆಯೇ ಅದು ಆರುವುದು."

"ಅದು ಹಾಲಿಗೆ ಹೆಪ್ಪು ಹಾಕ್ಲಿಕ್ಕೆ."

"ದಿನಾ? ಅಷ್ಟು ಹೊತ್ತು? ಯಾವ ಡೇರಿ ಅಕ್ಕ ನಿಮ್ಮದು?"

ಯಕ್ಷಿತಾ ಅಮ್ಮನ ಕಡೆ ತಿರುಗಿದಳು. ತಡವಾಗಿ ಬಂದು ತನ್ನ ಕೀಲಿಯಿಂದ ಬಾಗಿಲು ತೆಗೆದಾಗಲೆಲ್ಲ ಮನೆ ಕತ್ತಲೆಯಿರುತ್ತಿತ್ತು. ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ ಅಮ್ಮ. ಆ ನಿದ್ದೆಯನ್ನು ಅವಳು ಇಷ್ಟು ದಿನ ನಂಬಿದ್ದಳು. ಅಮ್ಮ ಈಗ ಸೆರಗಿನ ಅಂಚನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಯಕ್ಷಿತಾ ಚಿತ್ರದ ಆ ಅಡುಗೆಮನೆಯಲ್ಲಿ ಹಳದಿ ದೀಪವೊಂದನ್ನು ಹಚ್ಚಿದಳು. ಸುತ್ತಲಿನ ಕತ್ತಲೆಗೆಲ್ಲ ಒಂದು ಅರ್ಥ ಬಂದಂತಾಯಿತು.

"ಇದಕ್ಕೆ ನಮ್ಮ ಒಪ್ಪಿಗೆ ಇದೆ, ಬರ್ಕೊಳ್ಳಮ್ಮ," ಎಂದರು ಹಿರಿಯಣ್ಣ. "ಹಾಂ, ಗೊರಕೆ ವಿಷಯ ಬರೀಬೇಡ."

"ಅಷ್ಟು ಜೋರು ಲೈಟ್ ಯಾಕೆ?" ರಾಜೀವಿ ಗೊಣಗಿದರು. "ಬಿಲ್ ಬರ್ತದೆ."

"ಅಮ್ಮಾ, ಅದು ಚಿತ್ರ."

"ನಿಂಗೆಂತ ಗೊತ್ತು? ಬಿಲ್ಡರ್ ಅದಕ್ಕೂ ಹಾಕ್ತಾನೆ."