ಮೂಗಿ ಬರೆದ ಮೂಗು

ಬೆನ್ನಿಗೆ ಗೋಡೆ ಬೆಚ್ಚಗಿದೆ, ಬೆಳಗಿನ ಬಿಸಿಲನ್ನೆಲ್ಲ ಕುಡಿದು ಈಗ ನಿಧಾನವಾಗಿ ನನಗೆ ಬಡಿಸುತ್ತಿದೆ, ಹಾಯಾಗಿಯೇ ಇದೆ, ಇದನ್ನು ಶಿಕ್ಷೆ ಅಂತ ಯಾರು ಕರೆದರೋ — ತರಗತಿಯ ಹೊರಗೆ ನಿಲ್ಲುವುದು ಹತ್ತನೇ ತರಗತಿಯ ಮಕ್ಕಳಿಗೆ ಅವಮಾನವಿರಬಹುದು, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಸ್ತ್ರಿಮೇಜಿನ ಮುಂದೆ ಅರ್ಧ ಆಯುಸ್ಸು ನಿಂತವಳಿಗೇನು, ಅಲ್ಲಿ ಒರಗಲು ಗೋಡೆಯೂ ಇರಲಿಲ್ಲ, ಮುಖಕ್ಕೆ ಹಬೆ, ಕೈಗೆ ಯಾರ್ಯಾರೋ ನರಳಿ ಎದ್ದುಹೋದ ಚಾದರ, ಕಾಲು ಊದಿದರೆ ಚಪ್ಪಲಿ ಬಿಚ್ಚಿ ನಿಲ್ಲು, ಅಷ್ಟೇ. ನಿವೃತ್ತಿಯಾದ ಮೇಲೆ ಕೂರಬೇಕು ಅಂತಲೇ ಶಾಲೆಗೆ ಸೇರಿದೆ, ಸೇರಿ ನೋಡಿದರೆ ಇಲ್ಲೂ ನಿಲ್ಲಿಸುತ್ತಾರೆ. ಎದುರು ಗೋಡೆಯಲ್ಲಿ ನೀಲಿ ಅಕ್ಷರ, ವಿದ್ಯಾರ್ಥಿಗಳಿಂದ ನಿರೀಕ್ಷಿಸುವ ನಡತೆ, ಹೊಸ ಹೆಡ್ಮಾಸ್ಟರು ಬಂದ ವಾರವೇ ಬರೆಸಿದ್ದು, ಅವರಿಗಿಂತ ಮೊದಲು ಆ ಗೋಡೆಯ ಮೇಲೆ ಮಕ್ಕಳ ಅಂಗೈ ಅಚ್ಚುಗಳಿದ್ದವು, ಓಣಿಯವರೆಲ್ಲ ಸೇರಿ ಕಟ್ಟಿಕೊಂಡ ನಾಲ್ಕು ಕೋಣೆಯ ಶಾಲೆಗೆ ಅಂಗೈ ಸಾಕಾಗಿತ್ತು. ಹಿರಿಯರನ್ನು ಗೌರವಿಸಬೇಕು ಅಂತ ಬರೆದಿದೆ — ಹಿರಿಯರು ಅಂದರೆ ಯಾರು ಸ್ವಾಮಿ, ಇಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ, ಹೆಡ್ಮಾಸ್ಟರಿಗೆ ಅಕ್ಕನಾಗುವ ವಯಸ್ಸು, ಹಾಗಾದರೆ ಅವರು ಬಂದಾಗ ನಾನು ಏಳಬೇಕೋ ನಾನು ಬಂದಾಗ ಅವರು ಏಳಬೇಕೋ. ಇದನ್ನು ಮನೆಯಲ್ಲಿ ಹೇಳಿದಾಗ ಸೊಸೆ ನಕ್ಕು ಕೆಮ್ಮಿದ್ದಳು. ಶಾಲೆಯಲ್ಲಿ ನಗುವುದಿಲ್ಲ, ಶಾಲೆಯಲ್ಲಿ ಅವಳು ಲೆಕ್ಕದ ಟೀಚರು, ನಾನು ಹಿಂದಿನ ಬೆಂಚಿನ ಅಜ್ಜಿ.

ಆದರೂ ಎಂಥ ಮೂಗು ಅದು. ಬೆಳಗ್ಗೆ ಒಳಗೆ ಬಂದರೆ ಬೋರ್ಡಿನ ತುಂಬ ಒಂದೇ ಒಂದು ಮೂಗು, ಮುಖವಿಲ್ಲ, ಕಣ್ಣಿಲ್ಲ, ಹುಬ್ಬಿನ ನಡುವಿನಿಂದ ಹೊರಟು, ಅರ್ಧ ದಾರಿಯಲ್ಲಿ ಕಲ್ಲು ಸಿಕ್ಕ ಗಾಡಿಯ ಹಾಗೆ ಒಮ್ಮೆ ಕುಪ್ಪಳಿಸಿ, ಹೊಳ್ಳೆಯಲ್ಲಿ ಸುತ್ತಿಕೊಂಡು ನಿಂತ ಒಂದೇ ಗೆರೆ, ಸೀಮೆಸುಣ್ಣ ಎಲ್ಲೂ ಎತ್ತಿದ್ದಿಲ್ಲ. ಹೆಸರೂ ಬರೆದಿರಲಿಲ್ಲ. ಹೆಡ್ಮಾಸ್ಟರು ಬಾಗಿಲಲ್ಲಿ ನಿಂತು ನೋಡಿದರು, ಅವರ ಕೈ ತಾನಾಗಿ ಮೇಲೆದ್ದು ಮೂಗನ್ನು ಮುಟ್ಟಿಕೊಂಡಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ಮುಗಿಯಿತು, ತರಗತಿಯೇ ಉರುಳಿಬಿತ್ತು, ನಾನೂ ನಕ್ಕೆ, ಯಾಕೆ ಸುಳ್ಳು ಹೇಳಲಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗದೆ ಕೂತವಳು ಒಬ್ಬಳೇ, ನನ್ನ ಪಕ್ಕದವಳು. ಎಲ್ಲರೂ ಅವಳನ್ನು ಮೂಗಿ ಅನ್ನುತ್ತಾರೆ, ಹಾಜರಿ ಕೂಗಿದಾಗಲೂ ಗಲ್ಲವನ್ನಷ್ಟೇ ಎತ್ತುತ್ತಾಳೆ, ಮೂಗಿಯೇನಲ್ಲ, ಒಮ್ಮೆ ನನ್ನ ಪೆನ್ನು ಸೋರಿದಾಗ ಅಜ್ಜಿ, ತೋಳಿಗೆ ಹತ್ತುತ್ತೆ ಅಂದಿದ್ದಳು, ಇಡೀ ವರ್ಷಕ್ಕೆ ಅಷ್ಟೇ ಮಾತು. ಅವಳು ಬೋರ್ಡನ್ನು ನೋಡುತ್ತಿದ್ದ ರೀತಿ, ಒಲೆಯ ಮೇಲಿಟ್ಟದ್ದು ಸರಿಯಾಗಿ ಬೆಂದಿದೆಯೋ ಅಂತ ನೋಡುವ ಹಾಗೆ, ಹೆಬ್ಬೆರಳಿನ ಉಗುರಲ್ಲಿ ಬಿಳಿ ಪುಡಿ. ಅಯ್ಯೋ ಹುಡುಗಿ, ನೀನಾ, ಅಂದುಕೊಂಡೆ, ನನ್ನ ಎದೆ ಯಾಕೋ ಉಬ್ಬಿತು, ಹೆತ್ತವಳ ಹಾಗೆ.

ಹೆಡ್ಮಾಸ್ಟರು ನನ್ನನ್ನು ತಮ್ಮ ಕೋಣೆಗೆ ಕರೆಸಿ ಕುರ್ಚಿ ಕೊಟ್ಟರು, ಈ ಶಾಲೆಯಲ್ಲಿ ಹೆಡ್ಮಾಸ್ಟರ ಎದುರು ಕುರ್ಚಿ ಸಿಕ್ಕ ಮೊದಲ ವಿದ್ಯಾರ್ಥಿನಿ ನಾನೇ ಇರಬೇಕು, ಆಗಲೇ ಗೊತ್ತಾಯಿತು ಏನೋ ಕೇಳಲಿದ್ದಾರೆ ಅಂತ. ನೋಡಿ ಅಮ್ಮಾ, ನೀವು ತಿಳಿದವರು, ನಿಮ್ಮನ್ನ ಆ ಮಕ್ಕಳ ಜೊತೆ ಕೂರಿಸಿರೋದೇ ಅವ್ರಿಗೊಂದು ಹಿಡಿತ ಇರ್ಲಿ ಅಂತ, ಒಂದು ಹೆಸರು ಹೇಳಿ ಸಾಕು, ಆ ಮಗು ನಾಳೆಯಿಂದ ಬೇರೆ ಶಾಲೆ ನೋಡ್ಕೊಳ್ಳುತ್ತೆ. ಓಹೋ, ನಾನು ಓದಲು ಕೂತವಳಲ್ಲ, ಬೇಲಿ. ಕೇಳದೆ ನೀರು ಕುಡಿಯಲು ಹೋದೆನೆಂದು ಎಲ್ಲರೆದುರು ಬೈದಿದ್ದು ಇದೇ ಬಾಯಿ, ಇಲ್ಲಿ ವಯಸ್ಸಿಲ್ಲ, ಎಲ್ಲರೂ ವಿದ್ಯಾರ್ಥಿಗಳೇ ಅಂದಿದ್ದು. ನಾನೂ ಮೆಲ್ಲಗೇ ಹೇಳಿದೆ, ಸರ್, ವಿದ್ಯಾರ್ಥಿ ತಾನೇ ನಾನು, ವಿದ್ಯಾರ್ಥಿ ಆದವಳು ಪಕ್ಕದವರನ್ನ ಹಿಡ್ಕೊಡಲ್ಲ. ಅವರ ಮೂಗು ಕೆಂಪಾಯಿತು, ಪಾಪ, ಅದನ್ನು ಬಿಟ್ಟು ಎಲ್ಲಿ ನೋಡಬೇಕೋ ನನಗೆ ತಿಳಿಯಲಿಲ್ಲ. ಹಾಗಾದ್ರೆ ನಿಮ್ಮ ಪರೀಕ್ಷೆ ಅರ್ಜಿಗೆ ನನ್ನ ಸಹಿ ಇಲ್ಲ, ಹೊರಗೆ ನಿಂತು ಯೋಚಿಸಿ, ಅಂದರು.

ಅರ್ಜಿ. ಎಂಟನೇ ತರಗತಿಯಲ್ಲಿ ಅಪ್ಪ ಶಾಲೆ ಬಿಡಿಸಿದ್ದು, ತಮ್ಮಂದಿರನ್ನ ನೋಡ್ಕೋ, ನೀನು ಓದಿ ಏನು ಕಡಿದು ಕಟ್ಟೆ ಹಾಕ್ಬೇಕು ಅಂದದ್ದು, ನಾನು ಪುಸ್ತಕವನ್ನು ಕಟ್ಟಿ ಅಟ್ಟಕ್ಕೆ ಎಸೆದದ್ದು, ಆಗ ಎದುರಾಡಲಿಲ್ಲ, ಒಳ್ಳೆಯ ನಡತೆ ಅಂದರು ಎಲ್ಲರೂ, ಆ ಒಳ್ಳೆಯ ನಡತೆಯನ್ನು ಬೆಂಕಿಗೆ ಹಾಕ. ಈಗಷ್ಟೇ ಸೊಸೆ ಬಂದು ನಿಂತಿದ್ದಳು, ಕೈಯಲ್ಲಿ ಲೆಕ್ಕದ ಪುಸ್ತಕ, ಕಣ್ಣು ತುಂಬಿತ್ತು, ಶಾಲೆಯೊಳಗೆ ಮೊದಲ ಸಲ ಅತ್ತೆ ಅಂದಳು, ಅತ್ತೆ, ಹೇಳ್ಬಿಡಿ, ಈ ವರ್ಷ ಹೋದ್ರೆ ನೀವು ಮತ್ತೆ ಬರಲ್ಲ, ನಂಗೊತ್ತು. ರಾತ್ರಿಯೆಲ್ಲ ನನಗೆ ಬೀಜಗಣಿತ ತಿದ್ದಿದವಳು, ನನ್ನ ಮಗನಿಗಿಂತ ನನ್ನನ್ನು ಬಲ್ಲವಳು, ಅವಳ ಕೆನ್ನೆ ಮುಟ್ಟಬೇಕೆನಿಸಿತು, ಮುಟ್ಟಲಿಲ್ಲ, ಮಿಸ್, ನೀವು ಕ್ಲಾಸಿಗೆ ಹೋಗಿ, ಅಂದೆ. ಹೋದಳು. ಗೋಡೆ ಇನ್ನೂ ಬೆಚ್ಚಗಿದೆ. ಮುಂದಿನ ವರ್ಷವೂ ಬರುತ್ತೇನೆ, ಅದರ ಮುಂದಿನ ವರ್ಷವೂ, ಕೋಲೂರಿಕೊಂಡು ಬರುತ್ತೇನೆ, ಅವರ ಪೆನ್ನಿನ ಮಸಿ ಮೊದಲು ಒಣಗುತ್ತದೋ ನನ್ನ ಕಾಲು ಮೊದಲು ಸೋಲುತ್ತದೋ ನೋಡೋಣ.

ಕಿಟಕಿಯಾಚೆ ಹೆಡ್ಮಾಸ್ಟರ ದನಿ, ಬರೆದವರು ಒಪ್ಕೊಳ್ಳೋವರೆಗೂ ಆಕೆ ಹೊರಗೇ. ಮಕ್ಕಳ ತಲೆಗಳೆಲ್ಲ ಬಗ್ಗಿವೆ. ಒಂದು ತಲೆ ಏಳುತ್ತಿದೆ — ಬೇಡ, ಕೂತ್ಕೋ, ನನ್ನ ಕಾಲು ಗಟ್ಟಿಯಿದೆ, ನೀನು ಕೂತ್ಕೋ ಪುಟ್ಟಿ — ಎದ್ದಳು. ನಾನು ಸರ್. ಆ ದನಿ, ತುಕ್ಕು ಹಿಡಿದ ನಲ್ಲಿಯಿಂದ ಬಂದ ಹಾಗೆ, ಮೊದಲು ಗಾಳಿ ಆಮೇಲೆ ನೀರು, ಎಲ್ಲರೂ ತಿರುಗಿ ನೋಡಿದರು. ಹೆಡ್ಮಾಸ್ಟರು ನಕ್ಕರು. ನೀನಾ, ಬಾಯೇ ಬಿಡದೋಳು, ನಿನ್ನ ಕೈಲಿ ಅದಾಗುತ್ತಾ, ಅಜ್ಜಿ ಮೇಲಿನ ಪ್ರೀತಿಗೆ ಸುಳ್ಳು ಹೇಳ್ಬೇಡ, ಕೂತ್ಕೋ. ಅಬ್ಬ, ನಂಬಲಿಲ್ಲ, ಉಳಿದೆಯಲ್ಲೇ, ಈಗ ಸುಮ್ಮನೆ ಕೂತರೆ ಆಯಿತು, ಕೂತ್ಕೋ — ಕೂರುತ್ತಿಲ್ಲ. ಬೆಂಚುಗಳ ನಡುವೆ ನಡೆಯುತ್ತಿದ್ದಾಳೆ, ಅಪ್ಪಣೆ ಕೇಳಲಿಲ್ಲ, ಒರೆಸಿಟ್ಟ ಬೋರ್ಡಿನ ಮುಂದೆ ನಿಂತು ಸೀಮೆಸುಣ್ಣ ತೆಗೆದುಕೊಂಡಳು, ತಿರುಗಿ ಅವರ ಮುಖವನ್ನು ಒಮ್ಮೆ ನೋಡಿದಳು, ಕೋಪದಿಂದಲ್ಲ, ದರ್ಜಿ ಅಳತೆ ತೆಗೆಯುವ ಹಾಗೆ, ಮತ್ತೆ ಕೈ ಎತ್ತಿದಳು. ನನ್ನ ಕಾಲು ಯಾವಾಗ ಹೊಸ್ತಿಲು ದಾಟಿತೋ, ಒಳಗೆ ಬರಲೇ ಅಂತ ನಾನು ಕೇಳಲಿಲ್ಲ, ಯಾರೂ ನನ್ನನ್ನು ನೋಡುತ್ತಿಲ್ಲ, ಯಾರೂ ನಗುತ್ತಿಲ್ಲ, ಹೆಡ್ಮಾಸ್ಟರ ಕೈ ಮೂಗಿನ ಕಡೆ ಹೊರಟು ಗಾಳಿಯಲ್ಲೇ ನಿಂತಿದೆ, ಹುಬ್ಬಿನ ನಡುವಿನಿಂದ ಗೆರೆ, ಬಿಳಿ ಗೆರೆ, ಇಳಿಯುತ್ತಿದೆ, ಉಬ್ಬನ್ನು ಹತ್ತಿತು, ಗೆರೆ, ಸೀಮೆಸುಣ್ಣ ಎತ್ತಲಿಲ್ಲ, ಗೆರೆ, ಅದೇ ಗೆರೆ —