ಗುರುತು ಇಲ್ಲದವರ ಹಾಗೆ

ವೆಂಕಟಲಕ್ಷ್ಮಿ ಹೆಣದ ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ನೂಲು ಬಿಗಿಯುತ್ತಾ ಅಂಗಳದ ಕಡೆ ಕಣ್ಣು ಹಾಯಿಸಿದಳು. ಪ್ಲಾಸ್ಟಿಕ್ ಕುರ್ಚಿಗಳು ಐವತ್ತು ಬಂದಿದ್ದವು. ಕೂತವರು ಹದಿನೈದು ಮಂದಿ ಇದ್ದಾರೋ ಇಲ್ಲವೋ.

"ಜನ ಎಲ್ಲಿ ಉಂಟು?" ಎಂದಳು. "ಮಾರ್ಗದಲ್ಲಿ ಕಂಡ್ರೆ ಮೋರೆ ತಿರುಗಿಸಿ ಹೋಗುವವನ ಮನೆಗೆ ಯಾರು ಬರ್ತಾರೆ?"

ಅವಳು ಸತ್ತವನ ಅತ್ತಿಗೆ, ಆದ್ದರಿಂದ ಬಾಯಿಗೆ ತಡೆ ಇರಲಿಲ್ಲ. ವಸುಮತಿ ಗಂಡನ ತಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ನಿನ್ನೆ ಸಂಜೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗಲೇ ತಿರುಮಲೇಶ್ವರನ ಎದೆಬಡಿತ ನಿಂತಿತ್ತು. ಆಗಿನಿಂದ ಒಂದು ಲೋಟ ನೀರು ಬಿಟ್ಟರೆ ಅವಳ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಮಗಳು ದೀಪ್ತಿ ಪಕ್ಕದಲ್ಲಿ ಅಮ್ಮನ ಕೈ ಹಿಡಿದು ಕೂತಿದ್ದಳು.

"ಬೇರೆಯವರು ಇರ್ಲಿ, ನನ್ನನ್ನೇ ಬಿಟ್ಟಿದ್ದಾನಾ?" ಎಂದ ವೆಂಕಟಲಕ್ಷ್ಮಿಯ ಗಂಡ, ಸತ್ತವನ ಅಣ್ಣ ಹರಿನಾರಾಯಣ, ಜಗಲಿಯಿಂದಲೇ. "ಕಾಸರಗೋಡು ಆಸ್ಪತ್ರೆ ಗೇಟಿನ ಹತ್ರ ಎದುರೆದುರು ಸಿಕ್ಕಿದ. ಕಂಡೂ ಕಾಣದವನ ಹಾಗೆ ಹೋದ. ಸ್ವಂತ ಅಣ್ಣನನ್ನು! ಕೇಳಿದ್ರೆ, ನೀನು ಮೊದಲು ಮಾತಾಡಿಸಿದ್ರೆ ಮಾತಾಡ್ತಿದ್ದೆ ಅಂತಾನೆ. ಎಂತ, ಕಲೆಕ್ಟರಾ ಇವ?"

ಹೇಳುತ್ತಾ ಹೇಳುತ್ತಾ ಅವನು ಹೆಗಲ ಶಾಲಿನಿಂದ ಕಣ್ಣು ಒರೆಸಿಕೊಂಡ. ತಮ್ಮನ ಮೇಲೆ ಸಿಟ್ಟು ಮಾಡುವುದೇ ಅವನಿಗೆ ಗೊತ್ತಿದ್ದ ಅಳು.

*

ಕಲೆಕ್ಟರಲ್ಲ. ತಿರುಮಲೇಶ್ವರ ಡಾಕ್ಟರೂ ಅಲ್ಲ, ರಕ್ತ ತೆಗೆಯುವವನೂ ಅಲ್ಲ. ಎಚ್.ಐ.ವಿ. ಪರೀಕ್ಷೆಗೆ ಬಂದವರನ್ನು ಮೊದಲು ಏನು ಕೇಳಬೇಕು, ಆಮೇಲೆ ಹೇಗೆ ಹೇಳಬೇಕು ಎಂಬ ಮಾರ್ಗಸೂಚಿಯನ್ನು ಬರೆಸುವ ಕೆಲಸ ಅವನದು. ಬರೆಯುವವರು ಬೇರೆ, ಅವನು ಬರೆಸುವವನು. ಸಮಿತಿಯ ಹನ್ನೊಂದು ಜನರನ್ನು ಒಂದೇ ದಿನ ಒಂದೇ ಕೋಣೆಯಲ್ಲಿ ಕೂರಿಸುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆಯಿತು. ಒಬ್ಬ ಡಾಕ್ಟರು ಹಾಕಿಸಿದ ಸಾಲನ್ನು ಇನ್ನೊಬ್ಬರು ಹೊಡೆದುಹಾಕಿಸುವರು. ಹೊಡೆದದ್ದನ್ನು ಮೂರನೆಯವರು ಬಂದು ಎಲ್ಲಿ ಹೋಯಿತೆಂದು ಕೇಳುವರು. ಹದಿನೇಳನೆಯ ಕರಡು ಬ್ಯಾಗಿನಲ್ಲಿಟ್ಟುಕೊಂಡು ಅವನು ಮಂಜೇಶ್ವರದ ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತುಬಿಡುತ್ತಿದ್ದ.

ಕರಡು ಇದ್ದದ್ದು ಮಲಯಾಳದಲ್ಲಿ. ಗಡಿಯ ಕಡೆಯ ಪರೀಕ್ಷಾ ಕೇಂದ್ರಗಳಿಗೆ ಅದನ್ನು ಕನ್ನಡದಲ್ಲಿ ಮಾಡಬೇಕಿತ್ತು. ವಸುಮತಿ ಶಾಲೆಯಲ್ಲಿ ಕನ್ನಡ ಟೀಚರು. ಹನ್ನೆರಡು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಅವನು ಓದುತ್ತಾ ಹೋದ, ಅವಳು ಬೀನ್ಸ್ ಮುರಿಯುತ್ತಾ ತಿದ್ದುತ್ತಾ ಹೋದಳು.

"ಪಾಸಿಟಿವ್ ಬಂದವರಿಗೆ ಮನೆಯವರಲ್ಲಿ ಹೇಳಲು ಅವಸರ ನೀಡಬೇಕು. ಸರಿ ಉಂಟಾ ಟೀಚರೇ?"

"ಸರಿ ಉಂಟು. ಮುಂದೆ ಓದಿ."

ಸರಿ ಇರಲಿಲ್ಲ. ಮಲಯಾಳದಲ್ಲಿ ಅವಸರವೆಂದರೆ ಅವಕಾಶ, ಕನ್ನಡದಲ್ಲಿ ಗಡಿಬಿಡಿ. ದಿನವಿಡೀ ಸ್ಟಾಫ್ ರೂಮಿನಲ್ಲಿ ಎರಡೂ ಭಾಷೆ ಕೇಳುವ ವಸುಮತಿಯ ಕಿವಿಗೆ ಆ ಶಬ್ದ ಯಾವ ಬಾಗಿಲಿನಿಂದ ಬಂತೆಂದು ಗೊತ್ತೇ ಆಗಲಿಲ್ಲ. ಪುಸ್ತಕ ಅಚ್ಚಾಯಿತು. ಒಂದು ಕೇಂದ್ರದಲ್ಲಿ ಹೊಸದಾಗಿ ಸೇರಿದ ಕಾರ್ಯಕರ್ತೆ ಆ ಸಾಲನ್ನು ಕನ್ನಡದವರು ಓದುವ ಹಾಗೆಯೇ ಓದಿದಳು. ಫಲಿತಾಂಶ ಆಗಷ್ಟೇ ಕೇಳಿದ ಒಬ್ಬ ಹೆಂಗಸಿಗೆ, "ಇವತ್ತೇ ಮನೆಯಲ್ಲಿ ಹೇಳ್ಬೇಕು, ಪುಸ್ತಕದಲ್ಲಿ ಹಾಗೇ ಉಂಟು" ಎಂದು ಅವಸರ ಮಾಡಿದಳು. ಹೆಂಗಸು ಹೇಳಿದಳು. ಸಂಜೆಯೊಳಗೆ ಅವಳ ಬಟ್ಟೆಬರೆ ಗಂಡನ ಮನೆಯ ಅಂಗಳದಲ್ಲಿ ಬಿದ್ದಿತ್ತು.

ತಿರುಮಲೇಶ್ವರ ಬಸ್ಸು ಹಿಡಿದು ಕೇಂದ್ರದಿಂದ ಕೇಂದ್ರಕ್ಕೆ ಹೋಗಿ ಪುಸ್ತಕಗಳನ್ನು ವಾಪಸು ತಂದ. ಸಮಿತಿಯ ಮುಂದೆ ತಪ್ಪು ನನ್ನದು ಎಂದ, ಹೆಂಡತಿಯ ಹೆಸರೆತ್ತಲಿಲ್ಲ. ಮನೆಯಲ್ಲೂ ಎತ್ತಲಿಲ್ಲ. ಅವನು ಒಂದು ಮಾತು ಬೈದಿದ್ದರೆ ವಸುಮತಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೊಸ ಮುದ್ರಣದಲ್ಲಿ ನಾಲ್ಕು ಮೀಟಿಂಗು ಜಗಳ ಮಾಡಿ ಒಂದು ಸಾಲು ಸೇರಿಸಿದ. ಪರೀಕ್ಷೆಗೆ ಬಂದವರು ಹೊರಗೆ ಕಂಡರೆ ನಾವಾಗಿ ಗುರುತು ತೋರಿಸಬಾರದು. ಅವರು ಮಾತಾಡಿಸಿದರೆ ಮಾತ್ರ ಮಾತಾಡಬೇಕು. "ಇದನ್ನೂ ಬರೀಬೇಕಾ ಮಾರಾಯ್ರೇ?" ಎಂದು ಒಬ್ಬ ಡಾಕ್ಟರು ನಕ್ಕರು. ಅವನು ಬರೆಸಿದ. ಕೇಂದ್ರಗಳಲ್ಲಿ ಕೂತು ನೋಡುವ ಕೆಲಸವೂ ಇದ್ದುದರಿಂದ ಬಂದವರಿಗೆಲ್ಲ ಅವನ ಮುಖದ ಪರಿಚಯವಿತ್ತು. ಅವರನ್ನು ಮಾತ್ರ ಬಿಟ್ಟು ಉಳಿದವರನ್ನು ಮಾತಾಡಿಸಿದರೆ, ಮಾತಾಡಿಸದೆ ಬಿಟ್ಟವರೇ ಪರೀಕ್ಷೆಗೆ ಬಂದವರೆಂದು ಊರಿಗೆ ತಿಳಿಯುತ್ತದೆ. ಹಾಗಾಗಿ ಯಾರನ್ನೂ ಮೊದಲಾಗಿ ಮಾತಾಡಿಸುವುದನ್ನೇ ಬಿಟ್ಟ, ಅಣ್ಣನನ್ನು ಕೂಡ.

*

ಹನ್ನೊಂದು ಗಂಟೆಗೆ ಆಂಬುಲೆನ್ಸು ಬಂತು. ಸ್ಮಶಾನಕ್ಕೆ ಒಯ್ಯುವ ಮೊದಲು ಬಂದವರು ಒಬ್ಬೊಬ್ಬರೇ ತುಳಸಿ ಎಲೆ ಅದ್ದಿ ಸತ್ತವನ ಬಾಯಿಗೆ ನೀರು ಬಿಡುತ್ತಿದ್ದರು. ಆಗ ಗೇಟಿನ ಒಳಗೆ ಒಬ್ಬ ಹೆಂಗಸು ಬಂದಳು. ಐವತ್ತರ ಹತ್ತಿರದ ಪ್ರಾಯ, ಇಸ್ತ್ರಿ ಮಾಡಿದ ನೂಲಿನ ಸೀರೆ. ಅವಳ ಹೆಸರು ಇಲ್ಲಿ ಬೇಡ.

ನೀರಿನ ಪಾತ್ರೆಯ ಹತ್ತಿರ ಅವಳು ಬರಲಿಲ್ಲ. ಕಾಲಿನ ಕಡೆ ನಿಂತು ಕೈ ಮುಗಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ಸೆರಗು ಬಾಯಿಗೆ ತುರುಕಿ ಅಳತೊಡಗಿದಳು. ಅಂಥ ಅಳು ಆ ಮನೆಯಲ್ಲಿ ಬೆಳಗ್ಗಿನಿಂದ ಯಾರೂ ಅತ್ತಿರಲಿಲ್ಲ. ಕುರ್ಚಿಗಳಲ್ಲಿದ್ದ ಹದಿನೈದು ಮಂದಿಯೂ ತಿರುಗಿ ನೋಡಿದರು.

ವಸುಮತಿಗೆ ಗುರುತು ಸಿಕ್ಕಿತು.

*

ಮಂಜೇಶ್ವರ ಸ್ಟೇಷನ್ನಿನಲ್ಲಿ ಒಮ್ಮೆ ಗಂಡಹೆಂಡಿರು ರೈಲಿಗೆ ಕಾಯುತ್ತಿದ್ದಾಗ ಈ ಹೆಂಗಸು ಎದುರು ಬಂದಿದ್ದಳು. ಅವನು ಎಂದಿನಂತೆ ಅವಳ ತಲೆಯ ಆಚೆ ಎಲ್ಲೋ ನೋಡಿದ. ಅವಳೇ ನಿಂತು ನಕ್ಕಳು. "ಸಾರ್, ಹಾಸ್ಟೆಲಿನಲ್ಲಿ ಅಡಿಗೆ ಕೆಲಸ ಸಿಕ್ಕಿತು. ಸಾರು ಚಂದ ಆಗ್ತದೆ ಅಂತ ಮಕ್ಕಳು ಹೇಳ್ತಾರೆ." ಅವನ ಮುಖ ಅರಳಿದ್ದನ್ನು ವಸುಮತಿ ವರ್ಷಗಳ ಮೇಲೆ ಆ ದಿನ ನೋಡಿದಳು. ಸಾರಿನ ಹುಡಿ ಮನೆಯಲ್ಲೇ ಮಾಡುವುದಾ, ಪೇಟೆಯಿಂದ ತರುವುದಾ ಎಂದು ಮದುವೆಮನೆಯಲ್ಲಿ ಸಿಕ್ಕಿದ ನೆಂಟನ ಹಾಗೆ ವಿಚಾರಿಸಿದ.

ರೈಲಿನಲ್ಲಿ ವಸುಮತಿ ಮೆಲ್ಲನೆ ಕೇಳಿದಳು. "ನಾನು ತಿದ್ದದೆ ಬಿಟ್ಟ ಶಬ್ದ ಉಂಟಲ್ಲ. ಅದರಿಂದ ತೊಂದರೆ ಆದದ್ದು ಇವರಿಗಾ?"

ಮುಂದಿನ ಸ್ಟೇಷನ್ ಉಪ್ಪಳ ಬರುವವರೆಗೂ ಅವನು ಕಿಟಕಿಯ ಹೊರಗೆ ನೋಡಿದ. ಅವಳಿಗೆ ಅಷ್ಟೇ ಸಾಕಾಯಿತು. ಇನ್ನೊಮ್ಮೆ ಎಲ್ಲಾದರೂ ಸಿಕ್ಕಿದರೆ, ಆ ಶಬ್ದದ ತಪ್ಪು ನನ್ನದು, ಗಂಡನದಲ್ಲ ಎಂದು ಹೇಳಿ ಕ್ಷಮೆ ಕೇಳಬೇಕೆಂದು ಅಂದೇ ನಿಶ್ಚಯಿಸಿದ್ದಳು.

*

ಸಿಕ್ಕಿದ್ದು ಇವತ್ತು, ಹೀಗೆ.

"ಯಾರದು?" ವೆಂಕಟಲಕ್ಷ್ಮಿ ಬಗ್ಗಿ ಪಿಸುಗುಟ್ಟಿದಳು. ಪಿಸುಮಾತು ಅಂಗಳಕ್ಕೆಲ್ಲ ಕೇಳಿಸಿತು. "ನಮ್ಮ ಪೈಕಿ ಅಲ್ಲ. ನೆರೆಕರೆಯೂ ಅಲ್ಲ. ಹೆಂಡತಿಗೇ ಇಲ್ಲದ ಅಳು ಇವಳಿಗೆ ಎಂತಕ್ಕೆ?"

ಹರಿನಾರಾಯಣ ಕೆಮ್ಮಿದ. ಯಾರೋ ಒಬ್ಬರು ಮೊಬೈಲಿನಿಂದ ತಲೆ ಎತ್ತಿದರು.

"ಅಮ್ಮಾ," ಎಂದಳು ದೀಪ್ತಿ. ಅವಳ ಬೆರಳುಗಳು ಬಿಗಿಯಾದವು. "ಯಾರಮ್ಮ ಅವರು? ಅಪ್ಪನಿಗೆ ಹೇಗೆ ಗುರುತು?"

ವಸುಮತಿಯ ನಾಲಗೆಯ ತುದಿಯಲ್ಲೇ ಇತ್ತು. ಒಂದು ಮಾತು ಹೇಳಿದರೆ ಗಂಡನ ಮೇಲೆ ಬೀಳುತ್ತಿದ್ದ ಕೆಸರು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಆಫೀಸಿನ ಕಡೆಯವರು ಎಂದರೂ ಸಾಕು, ಅದು ಎಂಥ ಆಫೀಸೆಂದು ಇಲ್ಲಿದ್ದ ಎಲ್ಲರಿಗೂ ಗೊತ್ತು. ನಾಳೆಗೆ ಹಾಸ್ಟೆಲಿಗೆ ಸುದ್ದಿ ಮುಟ್ಟುತ್ತದೆ, ನಾಡಿದ್ದಿಗೆ ಅವಳ ಸಾರು ಯಾರೂ ಉಣ್ಣುವುದಿಲ್ಲ. ನನ್ನ ಕಡೆಯವರು ಎಂದು ಸುಳ್ಳು ಹೇಳೋಣವೆಂದರೆ, ಯಾವ ಊರು, ಯಾರ ಪೈಕಿ ಎಂದು ವೆಂಕಟಲಕ್ಷ್ಮಿ ಆ ಹೆಂಗಸನ್ನೇ ಹಿಡಿದು ನಿಲ್ಲಿಸಿ ಕೇಳದೆ ಬಿಡುವವಳಲ್ಲ. ಹನ್ನೆರಡು ವರ್ಷ ಗಂಡ ಹೊತ್ತದ್ದು ಎಷ್ಟು ಭಾರವಿತ್ತೆಂದು ವಸುಮತಿಗೆ ಆಗ ತಿಳಿಯಿತು. ತಿಳಿದು ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಆ ಹೆಂಗಸು ಅಳು ನಿಲ್ಲಿಸಿ ವಸುಮತಿಯನ್ನೇ ನೋಡುತ್ತಿದ್ದಳು. ಓಡಲೂ ಆಗದೆ ನಿಲ್ಲಲೂ ಆಗದೆ ಅವಳ ಮುಖ ಬಿಳುಚಿಕೊಂಡಿತ್ತು.

"ನನಗೆ ಗುರುತಿಲ್ಲ," ಎಂದಳು ವಸುಮತಿ, ಎಲ್ಲರಿಗೂ ಕೇಳುವ ಹಾಗೆ.

ವೆಂಕಟಲಕ್ಷ್ಮಿ ಹರಿನಾರಾಯಣನ ಮುಖ ನೋಡಿದಳು. ಇಷ್ಟರಲ್ಲೇ ಆಂಬುಲೆನ್ಸಿನವನು ಹೊತ್ತಾಯಿತೆಂದು ಕರೆದ, ಎಲ್ಲರೂ ಎದ್ದರು. ಗಂಡಸರು ಹೆಣ ಎತ್ತಿದರು. ದೀಪ್ತಿ ಅಮ್ಮನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ತನ್ನ ಕೈಯನ್ನು ಅಮ್ಮನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಅಪ್ಪನ ಹಿಂದೆ ನಡೆದಳು.

ವಸುಮತಿ ಗೋಡೆ ಹಿಡಿದು ಎದ್ದು ಜಗಲಿಗೆ ಬಂದಳು. ಮನೆಯೆದುರಿನ ಮಾರ್ಗದ ರೈಲ್ವೆ ಗೇಟು ಹಾಕಿತ್ತು. ಆಂಬುಲೆನ್ಸು ಗೇಟಿನ ಮುಂದೆ ಇಂಜಿನ್ ಆರಿಸಿ ನಿಂತಿತು. ಅದರ ಪಕ್ಕದಲ್ಲೇ, ಸ್ಕೂಟರುಗಳ ನಡುವೆ, ಆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು, ಗಾಡಿಯ ಕಡೆ ನೋಡದೆ, ಯಾರೋ ದಾರಿಹೋಕಳ ಹಾಗೆ ಕಾಯುತ್ತಿದ್ದಳು.