ಮೂವತ್ತೆಂಟು ಚೀಟಿ

ಡ್ರಾಯಿಂಗ್ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಕೆಲಸದ ಮೊದಲ ದಿನ, ಮೊದಲ ಪೀರಿಯಡ್, ಐದನೇ ಕ್ಲಾಸು. 'ನಿನಗೇನು ಇಷ್ಟ? ಹೆಸರು ಹಾಕಬೇಡ' ಎಂದು ಚೀಟಿ ಹಂಚಿದ್ದಳು. ಮೂವತ್ತೆಂಟು ಚೀಟಿಯಲ್ಲೂ ಒಂದೇ ವಾಕ್ಯ: 'ನನಗೆ ಚಿತ್ರ ಬಿಡಿಸುವುದೆಂದರೆ ಬಹಳ ಇಷ್ಟ.' ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ ಬೇರೆ.

"ಯಾರು ಹೇಳ್ಕೊಟ್ಟಿದ್ದು ಇದನ್ನ?"

ಮುಂದಿನ ಬೆಂಚಿನಿಂದ ಲೀಡರ್ ಹುಡುಗಿ ಎದ್ದಳು. "ನಾನೇ ಮಿಸ್. ಹೊಸಬರು ಬಂದಾಗೆಲ್ಲ ನಾನೇ ಹೇಳೋದು. ಸೈನ್ಸ್ ಸರ್‌ಗೆ ಸೈನ್ಸ್ ಇಷ್ಟ ಅಂತ ಬರೆದ್ವಿ. ಪಿ.ಟಿ. ಸರ್‌ಗೆ ಓಡೋದು."

"ಅವರೇನಂದ್ರು?"

"ಗುಡ್ ಅಂದ್ರು."

ಹೆಡ್‌ಮಿಸ್ ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದರು: ಮಕ್ಕಳಿಗೆ ಆಸಕ್ತಿ ಇದೆಯೆಂದು ಬರಹದಲ್ಲಿ ತೋರಿಸಿದರೆ ಡ್ರಾಯಿಂಗ್ ಪೀರಿಯಡ್ ಉಳಿಯುತ್ತದೆ, ಇಲ್ಲವಾದರೆ ಗಣಿತಕ್ಕೆ. ಗಣಿತದ ಮೇಷ್ಟ್ರು ಆಗಲೇ ಹಾಲು ಕಂಡ ಬೆಕ್ಕಿನಂತೆ ಬಾಗಿಲಲ್ಲಿ ಎರಡು ಸಲ ಸುಳಿದಿದ್ದರು. ಈ ಕಂತೆಯನ್ನೇ ಕೊಟ್ಟರೆ ಕೆಲಸ ಮುಗಿದಂತೆ. ಆದರೆ ಸುಳ್ಳಿನ ಕಂತೆ ಹಿಡಿದು ವರ್ಷವಿಡೀ ಪಾಠ ಮಾಡುವುದಾದರೂ ಹೇಗೆ?

"ಇನ್ನೊಂದು ಚೀಟಿ ತಗೊಳ್ಳಿ. ನಿಜ ಬರೀಬೇಕು. ಲೀಡರ್, ನೀನು ಗೋಡೆ ಕಡೆ ತಿರುಗಿ ಕೂತ್ಕೋ."

"ನಿಜ ಬರೆದ್ರೆ ಬೈತೀರಾ ಮಿಸ್?" ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ.

"ಇಲ್ಲಪ್ಪ."

"ಮಾರ್ಕ್ಸ್ ಎಷ್ಟು?"

"ಮಾರ್ಕ್ಸ್ ಇಲ್ಲ."

"ಮತ್ಯಾಕೆ ಬರೀಬೇಕು?"

"ಬರಿಯೋ ಮಾರಾಯ!"

ಪೆನ್ಸಿಲ್ ಕಚ್ಚುತ್ತ, ಕೈ ಅಡ್ಡ ಹಿಡಿದು ಬರೆದರು. 'ಮೊಣಕಾಲಿನ ಗಾಯದ ಹಕ್ಕಳೆ ಕೀಳುವುದು.' 'ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಹೋಗುವುದು.' 'ಅಕ್ಕ ಫೋನಿನಲ್ಲಿ ಜಗಳವಾಡುವುದನ್ನು ಕದ್ದು ಕೇಳುವುದು.' 'ನೀರಲ್ಲಿ ಹಾಕಿಟ್ಟ ತಾತನ ಹಲ್ಲಿನ ಸೆಟ್ಟು ನೋಡುವುದು.' 'ಏನೂ ಇಲ್ಲ.' ಚಿತ್ರ ಬಿಡಿಸುವುದೆಂದು ಒಬ್ಬರೂ ಬರೆದಿರಲಿಲ್ಲ. ಟೀಚರಿಗೆ ನಗು ಬಂತು. ಇಡೀ ವರ್ಷ ಬಿಡಿಸಿದರೂ ಮುಗಿಯದಷ್ಟು ಚಿತ್ರ ಇಲ್ಲೇ ಇತ್ತು. ಹೆಡ್‌ಮಿಸ್‌ಗೆ ತೋರಿಸಲು ಮಾತ್ರ ಒಂದೂ ಆಗದು.

ಅಷ್ಟರಲ್ಲಿ ಹೆಡ್‌ಮಿಸ್ ಬಂದು ನಿಂತೇಬಿಟ್ಟರು. "ಎಲ್ಲಿ ಕೊಡಿ, ಆಯ್ತಾ?" ಎಂದು ಕೈ ಚಾಚಿದರು.

ಟೀಚರ ಎರಡು ಕೈಯಲ್ಲಿ ಎರಡು ಕಂತೆ. ಅವಳು ಎಡಗೈಯದನ್ನು ನೋಡಿದಳು, ಬಲಗೈಯದನ್ನು ನೋಡಿದಳು. ಗೆರೆ ಎಳೆದದ್ದನ್ನು ಕೊಟ್ಟಳು.

"ಅಬ್ಬಾ, ಎಲ್ಲರದ್ದೂ ಒಂದೇ ಮಾತು! ಎಂಥಾ ಶಿಸ್ತು! ಪೀರಿಯಡ್ ನಿಮ್ಮದೇ ಬಿಡಿ." ಚಪ್ಪಲಿ ಸದ್ದು ಕಾರಿಡಾರಿನುದ್ದಕ್ಕೂ ದೂರವಾಯಿತು.

ಗೆದ್ದ ಪೀರಿಯಡ್ ಬಾಯಲ್ಲಿ ಸುಣ್ಣದಂತಾಯಿತು. ತನ್ನ ಮೇಲೇ ಬಂದ ಸಿಟ್ಟನ್ನು ನುಂಗಿಕೊಂಡು ಟೀಚರ್ ಮಕ್ಕಳ ಕಡೆ ತಿರುಗಿದಳು. ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡಳು.

"ಹಲ್ಲಿನ ಸೆಟ್ಟು ಬರೆದೋರು ಯಾರು? ನಾಳೆ ಅದನ್ನೇ ಬಿಡಿಸೋಣ."

ಯಾರೂ ಏಳಲಿಲ್ಲ. ಮೂವತ್ತೇಳು ಜೊತೆ ಕಣ್ಣು ಅವಳ ಕೈಯಲ್ಲಿ ಉಳಿದ ಕಂತೆಯ ಮೇಲಿದ್ದವು.

ಗೋಡೆ ಕಡೆಯಿಂದ ಲೀಡರ್ ಮುಖ ತಿರುಗಿಸದೆಯೇ ಹೇಳಿದಳು: "ಯಾರೂ ಬಾಯಿಬಿಡ್ಬೇಡ್ರೋ. ಹೆಡ್‌ಮಿಸ್‌ಗೆ ಮಿಸ್ಸೂ ಕೊಟ್ಟಿದ್ದು ನಾನು ಹೇಳ್ಕೊಟ್ಟಿದ್ದನ್ನೇ."